ಕೆಂಪು ಪೆನ್ನಿನ ಷರಾ: ಜೈಲು ಮುಖ್ಯಸ್ಥನೊಬ್ಬನಿಗೆ ಶಿಕ್ಷೆಯಾದ ಬಗೆ

ಜೈಲಿನ ಮುಖ್ಯಸ್ಥನೇ ಕೋರ್ಟಿನಲ್ಲಿ ಎದ್ದು ನಿಂತು, ಅಲ್ಲಿ ನಡೆದದ್ದಕ್ಕೆಲ್ಲ ನಾನೇ ಹೊಣೆ ಅಂತ ಒಪ್ಪಿಕೊಂಡರೆ ಕೇಸು ಮುಗಿದ ಹಾಗೇ ಅಲ್ವಾ? ಕಾಂಬೋಡಿಯಾದ ಎಸ್-21 ಎಂಬ ಜೈಲಿನ ಪ್ರಕರಣದಲ್ಲಿ ಹಾಗಾಗಲಿಲ್ಲ. 2009ರ ಮಾರ್ಚ್‌ನಲ್ಲಿ ಆರೋಪಿ ಹೊಣೆ ಒಪ್ಪಿಕೊಂಡ. ಕೊನೆಯ ತೀರ್ಪು ಬಂದದ್ದು 2012ರ ಫೆಬ್ರವರಿಯಲ್ಲಿ. ನಡುವೆ ಅದೇ ಮನುಷ್ಯ ತನ್ನನ್ನು ಬಿಡುಗಡೆ ಮಾಡಿ ಅಂತ ಕೇಳಿದ. ಅವನ ಇಬ್ಬರು ವಕೀಲರು ಒಂದೇ ದಿನ ಒಂದೇ ಕೋರ್ಟಿನಲ್ಲಿ ಎರಡು ದಿಕ್ಕಿಗೆ ವಾದ ಮಾಡಿದರು. ಶಿಕ್ಷೆ ಮೊದಲು ಕಡಿಮೆಯಾಯಿತು, ಆಮೇಲೆ ಜಾಸ್ತಿಯಾಯಿತು.

ಮಾನವತೆಯ ವಿರುದ್ಧದ ಅಪರಾಧಕ್ಕೆ ಜೈಲು ಮುಖ್ಯಸ್ಥನನ್ನು ಹೊಣೆ ಮಾಡುವುದು ಹೇಗೆ ಅಂತ ಕಲಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಂಡಿಲ್ಲ. ಇದರಲ್ಲಿ ಗೆಲುವೂ ಇದೆ, ಎಡವಟ್ಟೂ ಇದೆ. ಶಿಕ್ಷೆಯಾದವನದು ಮತ್ತು ಅವನ ಮೇಲಿನ ನಾಯಕರದು ಬಿಟ್ಟು ಬೇರೆ ಯಾರ ಹೆಸರನ್ನೂ ಇಲ್ಲಿ ಬಳಸಿಲ್ಲ. ಬದುಕುಳಿದವರು, ಸಾಕ್ಷಿಗಳು, ವಕೀಲರು, ಪತ್ರಕರ್ತರನ್ನು ಅವರವರ ಪಾತ್ರದಿಂದಷ್ಟೇ ಗುರುತಿಸಿದ್ದೇನೆ.

ಹಿನ್ನೆಲೆ

1975ರ ಏಪ್ರಿಲ್ 17ರಂದು ಪೋಲ್ ಪಾಟ್ ನಾಯಕತ್ವದ ಖಮೇರ್ ರೂಜ್ ಎಂಬ ಕಮ್ಯುನಿಸ್ಟ್ ಪಡೆ ರಾಜಧಾನಿ ನಾಮ್ ಪೆನ್ ಹಿಡಿಯಿತು. ಪಟ್ಟಣಗಳನ್ನು ಖಾಲಿ ಮಾಡಿಸಿ ಜನರನ್ನು ಗದ್ದೆಗೆ ಅಟ್ಟಿದರು. ದುಡ್ಡು, ಸಂತೆ, ಶಾಲೆ, ದೇವಸ್ಥಾನ ಎಲ್ಲ ಬಂದ್. 1979ರ ಜನವರಿ 7ರಂದು ವಿಯೆಟ್ನಾಂ ಸೇನೆ ಒಳಬರುವವರೆಗೆ ಈ ಆಡಳಿತ ನಡೆಯಿತು. ಮೂರು ವರ್ಷ ಎಂಟು ತಿಂಗಳು ಇಪ್ಪತ್ತು ದಿನ ಅಂತ ಅಲ್ಲಿನ ಜನ ಇಂದಿಗೂ ಲೆಕ್ಕ ಇಟ್ಟು ಹೇಳುತ್ತಾರೆ. ಆ ಅವಧಿಯಲ್ಲಿ 17ರಿಂದ 22 ಲಕ್ಷ ಜನ ಸತ್ತರು ಎಂದು, ಮುಂದೆ ಈ ಅಪರಾಧಗಳ ವಿಚಾರಣೆಗೆ ರಚಿಸಿದ ನ್ಯಾಯಮಂಡಳಿಗಾಗಿ ಜನಸಂಖ್ಯಾ ತಜ್ಞರು ಅಂದಾಜು ಮಾಡಿದ್ದಾರೆ. ಹಸಿವು, ದುಡಿತ, ರೋಗ, ಕೊಲೆ ಎಲ್ಲ ಸೇರಿ.

ದೇಶದ ತುಂಬ ಜೈಲುಗಳಿದ್ದವು. ಎಸ್-21 ಅವುಗಳಲ್ಲಿ ಒಂದಾದರೂ ಬೇರೆಯೇ ಥರದ್ದು. ಅದು ಪಕ್ಷದ ಕೇಂದ್ರ ನಾಯಕತ್ವಕ್ಕೆ ನೇರವಾಗಿ ವರದಿ ಮಾಡುತ್ತಿತ್ತು. ನಾಮ್ ಪೆನ್‌ನ ಒಂದು ಹೈಸ್ಕೂಲನ್ನೇ ಜೈಲು ಮಾಡಿಕೊಂಡಿದ್ದರು. ತರಗತಿಗಳ ಒಳಗೆ ಇಟ್ಟಿಗೆ ಗೋಡೆ ಎಬ್ಬಿಸಿ ಒಬ್ಬೊಬ್ಬರೇ ಮಲಗುವಷ್ಟು ಕಿರಿದಾದ ಗೂಡುಗಳನ್ನು ಕಟ್ಟಿದರು. ವರಾಂಡಕ್ಕೆ ಮುಳ್ಳುತಂತಿ. ಉಳಿದವರು ದೊಡ್ಡ ಕೋಣೆಗಳಲ್ಲಿ ಸಾಲಾಗಿ, ಕಬ್ಬಿಣದ ಸರಳಿಗೆ ಕಾಲು ಕಟ್ಟಿಸಿಕೊಂಡು ಬಿದ್ದಿರುತ್ತಿದ್ದರು.

ಕೆಲಸದ ಕ್ರಮ ಹೀಗಿತ್ತು. ಬಂದವರ ಫೋಟೊ ತೆಗೆಯಬೇಕು. ಜೀವನ ಚರಿತ್ರೆ ಬರೆಸಬೇಕು. ಆಮೇಲೆ ಹೊಡೆತ, ಕರೆಂಟ್ ಶಾಕ್, ನೀರಿನಲ್ಲಿ ಉಸಿರುಗಟ್ಟಿಸುವುದು. ತಾನು ಸಿಐಎ ಏಜೆಂಟ್, ಕೆಜಿಬಿ ಏಜೆಂಟ್, ವಿಯೆಟ್ನಾಂ ಗೂಢಚಾರ ಅಂತ ಬರೆದುಕೊಡುವವರೆಗೂ ಇದು ನಿಲ್ಲುತ್ತಿರಲಿಲ್ಲ. ಆ ತಪ್ಪೊಪ್ಪಿಗೆಯಲ್ಲಿ ಬಂದ ಹೆಸರುಗಳನ್ನು ಹಿಡಿದು ಮುಂದಿನ ಬಂಧನ. ಬರೆಸಿಕೊಂಡ ಮೇಲೆ ಕೊಲೆ. ಮೊದಮೊದಲು ಜೈಲಿನ ಸುತ್ತಮುತ್ತ, ನಂತರ ಊರಾಚೆ ಸುಮಾರು 15 ಕಿಲೋಮೀಟರ್ ದೂರದ ಚೊಯುಂಗ್ ಎಕ್‌ನಲ್ಲಿ. ಖೈದಿಗಳಲ್ಲಿ ಬಹುಪಾಲು ಜನ ಖಮೇರ್ ರೂಜ್‌ನ ಸ್ವಂತ ಸೈನಿಕರು, ಕಾರ್ಯಕರ್ತರು ಮತ್ತು ಅವರ ಹೆಂಡತಿ ಮಕ್ಕಳು. ನಿನ್ನೆಯವರೆಗೆ ಬೇರೆಯವರನ್ನು ಹಿಡಿದು ತರುತ್ತಿದ್ದವರೂ ಅವರಲ್ಲಿದ್ದರು.

ಇದನ್ನೆಲ್ಲ ನಡೆಸಿದವನು ಕೈಂಗ್ ಗೆಕ್ ಈವ್. ಕ್ರಾಂತಿಯ ಹೆಸರು ಡುಚ್. 1942ರಲ್ಲಿ ಹುಟ್ಟಿದವನು, ಗಣಿತದ ಮೇಷ್ಟ್ರು. 1960ರ ದಶಕದ ಕೊನೆಯಲ್ಲಿ ಕಮ್ಯುನಿಸ್ಟ್ ಅಂತ ಅವನೇ ಜೈಲು ಕಂಡಿದ್ದ. 1971ರಿಂದ ಕಾಡಿನಲ್ಲಿ ಎಂ-13 ಎಂಬ ಸೆರೆ ಶಿಬಿರ ನಡೆಸಿದ. ಎಸ್-21ಕ್ಕೆ ಮೊದಲು ಉಪ ಮುಖ್ಯಸ್ಥ, 1976ರ ಮಾರ್ಚ್‌ನಿಂದ ಮುಖ್ಯಸ್ಥ.

ಓಡಿದವನು ಹೋದ, ಕಾಗದ ಉಳಿಯಿತು

1979ರ ಜನವರಿ 7ರಂದು ಗಡಿಬಿಡಿಯಲ್ಲಿ ಜೈಲು ಬಿಟ್ಟು ಓಡುವಾಗ ಸಿಬ್ಬಂದಿ ಕೊನೆಯ ಕೆಲವು ಖೈದಿಗಳನ್ನು ಕೊಂದರು. ಕಡತಗಳನ್ನು ಮಾತ್ರ ಸುಡಲಿಲ್ಲ. ಸಾವಿರಾರು ಫೋಟೊ, ಸಾವಿರಾರು ಪುಟದ ತಪ್ಪೊಪ್ಪಿಗೆ, ದಿನದಿನದ ಕೊಲೆ ಪಟ್ಟಿ ಎಲ್ಲ ಅಲ್ಲೇ ಉಳಿಯಿತು. ಬದುಕಿ ಉಳಿದವರು ಬೆರಳೆಣಿಕೆಯಷ್ಟು ಜನ. ಕೆಲವೇ ತಿಂಗಳಲ್ಲಿ ಆ ಶಾಲೆ ತುವೋಲ್ ಸ್ಲೆಂಗ್ ಮ್ಯೂಸಿಯಂ ಆಯಿತು.

ಅಂದರೆ ಸಾಕ್ಷ್ಯ ಮೊದಲ ದಿನದಿಂದಲೂ ಕೈಯಲ್ಲಿತ್ತು. ಆದರೂ ಡುಚ್ ಕಟಕಟೆಗೆ ಬರಲು 30 ವರ್ಷ ಬೇಕಾಯಿತು. ಯಾಕೆ?

ಮೊದಲ ಕಾರಣ ರಾಜಕೀಯ. 1979ರ ಆಗಸ್ಟ್‌ನಲ್ಲಿ ಹೊಸ ಸರ್ಕಾರ ಪೋಲ್ ಪಾಟ್ ಮತ್ತು ಅವನ ವಿದೇಶಾಂಗ ಮಂತ್ರಿಯಾಗಿದ್ದ ಇಯೆಂಗ್ ಸಾರಿಯ ಗೈರುಹಾಜರಿಯಲ್ಲೇ ವಿಚಾರಣೆ ನಡೆಸಿ ಮರಣದಂಡನೆ ಕೊಟ್ಟಿತು. ಹೊರಗಿನವರು ಅದನ್ನು ಲೆಕ್ಕಕ್ಕೇ ಇಡಲಿಲ್ಲ. ಶೀತಲ ಸಮರದ ಕಾಲ. ವಿಯೆಟ್ನಾಂ ಕೂರಿಸಿದ ಸರ್ಕಾರ ಎಂಬ ಕಾರಣಕ್ಕೆ ಬಹಳಷ್ಟು ದೇಶಗಳು ಅದನ್ನು ಮಾನ್ಯ ಮಾಡಲಿಲ್ಲ. ವಿಶ್ವಸಂಸ್ಥೆಯಲ್ಲಿ ಕಾಂಬೋಡಿಯಾದ ಕುರ್ಚಿ ಖಮೇರ್ ರೂಜ್ ಕಡೆಯವರ ಬಳಿಯೇ ಉಳಿಯಿತು. 1980ರಲ್ಲಿ ಹೊಸ ಸರ್ಕಾರವನ್ನು ಮಾನ್ಯ ಮಾಡಿದ ಕೆಲವೇ ದೇಶಗಳಲ್ಲಿ ಭಾರತವೂ ಒಂದು. ಕೊಂದವರೇ ಕೊಲೆಯಾದವರ ಪ್ರತಿನಿಧಿಗಳಾಗಿ ಕೂತಿರುವಾಗ ಯಾರು ಯಾರನ್ನು ವಿಚಾರಣೆ ಮಾಡುತ್ತಾರೆ?

ಎರಡನೆಯದು, ಆಸಾಮಿ ಸಿಗಲಿಲ್ಲ. ಗಡಿಯ ಕಾಡು, ನಿರಾಶ್ರಿತರ ಶಿಬಿರ, ಬೇರೆ ಹೆಸರು. ಮತ್ತೆ ಮೇಷ್ಟ್ರ ಕೆಲಸ. 1990ರ ದಶಕದಲ್ಲಿ ಕ್ರೈಸ್ತ ಧರ್ಮ ಸೇರಿದ, ನಿರಾಶ್ರಿತರ ಸೇವೆ ಮಾಡುವ ಸಂಸ್ಥೆಗಳಲ್ಲಿ ದುಡಿದ. ಅವನ ಜೊತೆ ಕೆಲಸ ಮಾಡಿದವರಿಗೆ ಅವನೊಬ್ಬ ಶಿಸ್ತಿನ, ಒಳ್ಳೆಯ ಮನುಷ್ಯ.

1999ರಲ್ಲಿ ಒಬ್ಬ ವಿದೇಶಿ ಫೋಟೊಗ್ರಾಫರ್ ಅವನನ್ನು ಗುರುತು ಹಿಡಿದ. ಆತ ವರ್ಷಗಳಿಂದ ಡುಚ್‌ನ ಹಳೆಯ ಫೋಟೊ ಒಂದನ್ನು ಜೇಬಿನಲ್ಲಿ ಇಟ್ಟುಕೊಂಡು ತಿರುಗುತ್ತಿದ್ದ. ಪಶ್ಚಿಮ ಗಡಿಯ ಸಾಮ್ಲೌಟ್ ಕಡೆ ಎದುರಿಗೆ ಬಂದು ಮಾತಾಡಿದ ವಯಸ್ಸಾದ ಮನುಷ್ಯನ ಮುಖ ಆ ಫೋಟೊಕ್ಕೆ ಹೊಂದಿತು. ಕೆಲ ದಿನಗಳ ನಂತರ ಒಬ್ಬ ಪತ್ರಕರ್ತನನ್ನು ಜೊತೆಗೆ ಕರೆದುಕೊಂಡು ಮತ್ತೆ ಹೋದ. ಸಹಿ ಇದ್ದ ಕಾಗದಗಳನ್ನು ಮುಂದಿಟ್ಟಾಗ ಡುಚ್ ಒಪ್ಪಿಕೊಂಡ. ಇಲ್ಲಿಂದಲೇ ಈ ಪ್ರಕರಣದ ಸ್ವಭಾವ ತಿಳಿಯುತ್ತದೆ. ಕಾಗದ ಎದುರಿಗೆ ಬಂದಾಗಲೆಲ್ಲ ಇವನು ಒಪ್ಪಿಕೊಂಡಿದ್ದಾನೆ. ಕಾಗದ ಇಲ್ಲದ ಕಡೆ ಜಾರಿಕೊಂಡಿದ್ದಾನೆ.

ಎಂಟು ವರ್ಷದ ಎಡವಟ್ಟು

1999ರ ಮೇ 10ರಿಂದ ಅವನು ಕಾಂಬೋಡಿಯಾದ ಮಿಲಿಟರಿ ಕೋರ್ಟಿನ ವಶದಲ್ಲಿದ್ದ. ಕೋರ್ಟ್ ವಿಚಾರಣೆ ನಡೆಸಲಿಲ್ಲ, ಬಿಡಲೂ ಇಲ್ಲ. ವಿಶ್ವಸಂಸ್ಥೆ ಮತ್ತು ಸರ್ಕಾರದ ನಡುವೆ ಹೊಸ ನ್ಯಾಯಮಂಡಳಿಯ ಮಾತುಕತೆ ಎಳೆದಾಡುತ್ತಿತ್ತು. 2003ರಲ್ಲಿ ಒಪ್ಪಂದ, 2006ರಲ್ಲಿ ನ್ಯಾಯಾಧೀಶರ ಪ್ರಮಾಣವಚನ. 2007ರ ಜುಲೈ ಕೊನೆಗೆ ಡುಚ್ ಆ ಮಂಡಳಿಯ ವಶಕ್ಕೆ ಬಂದ. ವಿಚಾರಣೆ ಇಲ್ಲದೆ ಎಂಟು ವರ್ಷಕ್ಕೂ ಜಾಸ್ತಿ.

ಆಗ ಯಾರಿಗೂ ಇದು ದೊಡ್ಡ ವಿಷಯ ಅನಿಸಲಿಲ್ಲ. ಸಾವಿರಾರು ಜನರನ್ನು ವಿಚಾರಣೆ ಇಲ್ಲದೆ ಕೂಡಿಹಾಕಿದವನು, ತಾನೂ ಸ್ವಲ್ಪ ಕೂರಲಿ ಬಿಡಿ ಅನ್ನುವ ಭಾವ. ಆದರೆ ಕಾನೂನು ಮರೆಯುವುದಿಲ್ಲ. ಈ ಎಂಟು ವರ್ಷ ಮುಂದೆ ಶಿಕ್ಷೆಯ ದಿನ ಎದ್ದು ಬಂತು.

ಕಾನೂನಿನ ಗಂಟುಗಳು

ಹೊಸ ಮಂಡಳಿ ಮಿಶ್ರ ಸ್ವರೂಪದ್ದು. ವಿಚಾರಣಾ ಪೀಠದಲ್ಲಿ ಮೂವರು ಕಾಂಬೋಡಿಯಾದ ನ್ಯಾಯಾಧೀಶರು, ಇಬ್ಬರು ವಿದೇಶಿಯರು. ತೀರ್ಮಾನಕ್ಕೆ ಕನಿಷ್ಠ ನಾಲ್ವರು ಒಪ್ಪಬೇಕು. ಅಂದರೆ ಸ್ಥಳೀಯರು ಮಾತ್ರ ಸೇರಿ ಏನೂ ಮಾಡಲಾಗದು, ವಿದೇಶಿಯರು ಮಾತ್ರ ಸೇರಿದರೂ ಅಷ್ಟೇ.

ಈ ನಿಯಮದ ಬಿಸಿ ಈ ಪ್ರಕರಣದಲ್ಲೇ ತಟ್ಟಿತು. ಡುಚ್ ಮೇಲೆ ದೇಶದ ಹಳೆಯ ದಂಡ ಸಂಹಿತೆಯಡಿ ಕೊಲೆ ಮತ್ತು ಚಿತ್ರಹಿಂಸೆ ಆರೋಪವೂ ಇತ್ತು. 1956ರ ಆ ಕಾನೂನಿನಲ್ಲಿ ಇಂಥ ಅಪರಾಧಕ್ಕೆ ಕೇಸು ಹಾಕಲು ಹತ್ತು ವರ್ಷದ ಗಡುವು. ಗಡುವು ಮುಗಿದಿದೆಯೇ ಇಲ್ಲವೇ ಎಂಬುದರಲ್ಲಿ ನಾಲ್ಕು ಮತ ಒಂದು ಕಡೆ ಬರಲಿಲ್ಲ. ಸರಳ ಕೊಲೆ ಆರೋಪ ಅಲ್ಲಿಗೇ ಬಿತ್ತು. 12 ಸಾವಿರಕ್ಕೂ ಹೆಚ್ಚು ಜನರನ್ನು ಸಾಯಿಸಿದವನ ಮೇಲೆ ಸಾಮಾನ್ಯ ಕೊಲೆ ಕೇಸು ನಿಲ್ಲಲಿಲ್ಲ! ನಿಂತದ್ದು ಅಂತರರಾಷ್ಟ್ರೀಯ ಅಪರಾಧಗಳು ಮಾತ್ರ: ಮಾನವತೆಯ ವಿರುದ್ಧದ ಅಪರಾಧ, ಮತ್ತು ವಿಯೆಟ್ನಾಂ ಖೈದಿಗಳ ವಿಷಯದಲ್ಲಿ 1949ರ ಜಿನೀವಾ ಒಪ್ಪಂದಗಳ ಗಂಭೀರ ಉಲ್ಲಂಘನೆ. ಇವಕ್ಕೆ ಕಾಲದ ಗಡುವು ಇಲ್ಲ.

ಮಾನವತೆಯ ವಿರುದ್ಧದ ಅಪರಾಧ ಅಂದರೆ ಬರೀ ಕ್ರೂರ ಅಪರಾಧ ಅಂತಲ್ಲ. ಸಾಮಾನ್ಯ ಜನರ ಮೇಲೆ ದೊಡ್ಡ ಪ್ರಮಾಣದಲ್ಲಿ ಅಥವಾ ವ್ಯವಸ್ಥಿತವಾಗಿ ದಾಳಿ ನಡೆಯುತ್ತಿರಬೇಕು. ಆರೋಪಿಯ ಕೃತ್ಯ ಆ ದಾಳಿಯ ಭಾಗವಾಗಿರಬೇಕು. ಅದು ಅವನಿಗೆ ಗೊತ್ತಿರಬೇಕು. ಜೈಲು ಮುಖ್ಯಸ್ಥನ ವಿಷಯದಲ್ಲಿ ಕಷ್ಟವಾಗುವುದು ಈ ಕೊನೆಯ ಅಂಶ. ನಾಲ್ಕು ಗೋಡೆಯ ಒಳಗಿನದಷ್ಟೇ ನನಗೆ ಗೊತ್ತಿತ್ತು ಅಂತ ಅವನು ಹೇಳಬಹುದು. ಡುಚ್ ಹಾಗೆ ಹೇಳುವ ಹಾಗಿರಲಿಲ್ಲ. ಯಾವ ವಲಯದಿಂದ ಯಾರನ್ನು ಹಿಡಿದು ತರಬೇಕು, ಯಾವ ಇಲಾಖೆಯಲ್ಲಿ ಶುದ್ಧೀಕರಣ (ಶತ್ರುಗಳೆಂದು ಶಂಕಿಸಿ ತಮ್ಮವರನ್ನೇ ತೆಗೆದುಹಾಕುವುದು) ನಡೆಯುತ್ತಿದೆ ಎಂಬುದೆಲ್ಲ ಅವನ ಮೇಜಿನ ಮೇಲೇ ಬರುತ್ತಿತ್ತು. ತಪ್ಪೊಪ್ಪಿಗೆಗಳನ್ನು ಓದಿ, ಸಾರಾಂಶ ಮಾಡಿ ಮೇಲಿನವರಿಗೆ ಕಳಿಸುತ್ತಿದ್ದವನೂ ಅವನೇ.

ಕಾಗದ ಮಾತಾಡಿದ್ದು

ಈ ಕೇಸಿನ ನಿಜವಾದ ಸಾಕ್ಷಿ ಆ ಕಡತಗಳು. ತಪ್ಪೊಪ್ಪಿಗೆಗಳ ಅಂಚಿನಲ್ಲಿ ಕೆಂಪು ಪೆನ್ನಿನ ಬರಹ ಇದೆ. ಮೇಷ್ಟ್ರು ಉತ್ತರ ಪತ್ರಿಕೆ ತಿದ್ದಿದ ಹಾಗೆ. ಇಲ್ಲಿ ಸುಳ್ಳು ಹೇಳಿದ್ದಾನೆ, ಇನ್ನಷ್ಟು ಕೇಳಿ, ಇವನಿಗೆ ಹೊಡೆಯಿರಿ. ಕೆಲವು ಪಟ್ಟಿಗಳ ಮೇಲೆ ಎಲ್ಲರನ್ನೂ ಮುಗಿಸಿ ಎನ್ನುವ ಷರಾ, ಕೆಳಗೆ ಸಹಿ.

ಒಂದು ಪಟ್ಟಿಯನ್ನು ಹತ್ತಿರದಿಂದ ನೋಡೋಣ. 1978ರ ಆರಂಭದ್ದು. ಕೊಲ್ಲಬೇಕಾದವರ ಹೆಸರುಗಳ ನಡುವೆ ಒಬ್ಬ ಚಿತ್ರಕಾರನ ಹೆಸರಿದೆ. ಅವನ ಹೆಸರಿನ ಬಳಿ ಬೇರೆ ಷರಾ: ಚಿತ್ರಕಾರನನ್ನು ಇಟ್ಟುಕೊಳ್ಳಿ. ಪೋಲ್ ಪಾಟ್‌ನ ಭಾವಚಿತ್ರ ಬರೆಯಲು ಒಬ್ಬ ಬೇಕಿತ್ತು, ಅದಕ್ಕೆ ಉಳಿಸಿದರು. ಇನ್ನೊಬ್ಬ ಮೆಕ್ಯಾನಿಕ್ ಹೊಲಿಗೆ ಯಂತ್ರ, ಟೈಪ್‌ರೈಟರ್ ರಿಪೇರಿ ಮಾಡಬಲ್ಲವನಾಗಿದ್ದರಿಂದ ಉಳಿದ.

ಡುಚ್‌ನ ಮುಖ್ಯ ವಾದ, ಆದೇಶ ಪಾಲಿಸದಿದ್ದರೆ ನನ್ನನ್ನೂ ನನ್ನ ಮನೆಯವರನ್ನೂ ಕೊಲ್ಲುತ್ತಿದ್ದರು, ನಾನು ಯಂತ್ರದ ಒಂದು ಭಾಗ ಅಷ್ಟೇ ಎಂಬುದು. ಭಯ ಸುಳ್ಳಲ್ಲ, ಅವನ ಎಷ್ಟೋ ಸಿಬ್ಬಂದಿ ಅದೇ ಜೈಲಿನಲ್ಲಿ ಖೈದಿಗಳಾಗಿ ಸತ್ತರು. ಆದರೆ ನನ್ನ ಲೆಕ್ಕದಲ್ಲಿ ಆ ಚಿತ್ರಕಾರನ ಷರಾ ಈ ವಾದದ ಬುಡ ಅಲ್ಲಾಡಿಸುತ್ತದೆ. ಉಪಯೋಗ ಇದ್ದವನನ್ನು ಪಟ್ಟಿಯಿಂದ ಎತ್ತಿಡಲು ಜೈಲಿನಲ್ಲಿ ಅವಕಾಶವಿತ್ತು. ಇಂಥ ಆಯ್ಕೆಗಳು ನಡೆದದ್ದು ಕೈಯ ಕೆಲಸಕ್ಕಾಗಿ ಮಾತ್ರ, ಜೀವಕ್ಕಾಗಿ ಅಲ್ಲ. ವಿಚಾರಣಾ ಪೀಠ ಬಲವಂತದ ವಾದವನ್ನು ಒಪ್ಪಲಿಲ್ಲ. ಅವನು ಹೆದರಿ ಅರೆಮನಸ್ಸಿನಿಂದ ದುಡಿದವನಲ್ಲ, ಪದ್ಧತಿಯನ್ನು ತಾನೇ ಬೆಳೆಸಿದ, ವಿಚಾರಣೆ ಮಾಡುವವರಿಗೆ ಪಾಠ ಹೇಳಿಕೊಟ್ಟ. ಮೇಲಿನವರ ಆದೇಶ ಎಂಬುದು ಮಂಡಳಿಯ ಕಾನೂನಿನ ಪ್ರಕಾರ ರಕ್ಷಣೆಯೇ ಅಲ್ಲ.

ಇಲ್ಲೊಂದು ಸೂಕ್ಷ್ಮ ಇದೆ, ಬೇರೆ ಕಡೆ ಇಂಥ ಕೇಸು ನಡೆಸುವವರು ಗಮನಿಸಬೇಕಾದದ್ದು. ಚಿತ್ರಹಿಂಸೆಯಿಂದ ಪಡೆದ ಹೇಳಿಕೆಯನ್ನು ಸಾಕ್ಷ್ಯವಾಗಿ ಬಳಸಬಾರದು ಅನ್ನುತ್ತದೆ ಚಿತ್ರಹಿಂಸೆ ವಿರೋಧಿ ಒಪ್ಪಂದ. ಹಾಗಾದರೆ ಎಸ್-21ರ ತಪ್ಪೊಪ್ಪಿಗೆಗಳನ್ನು ಕೋರ್ಟಿನಲ್ಲಿ ಓದುವುದು ಹೇಗೆ? ಒಪ್ಪಂದದಲ್ಲೇ ಒಂದು ಬಾಗಿಲಿದೆ. ಚಿತ್ರಹಿಂಸೆ ಕೊಟ್ಟ ಆರೋಪಿಯ ವಿರುದ್ಧ, ಇಂಥ ಹೇಳಿಕೆ ಪಡೆಯಲಾಗಿತ್ತು ಎಂದು ತೋರಿಸಲು ಮಾತ್ರ ಬಳಸಬಹುದು. ಒಳಗಿನ ಮಾತು ನಿಜ ಅಂತ ತೋರಿಸಲು ಅಲ್ಲ. ಪೀಠ ಈ ಗೆರೆಯನ್ನು ಹಾಕಿಕೊಂಡೇ ಮುಂದೆ ಹೋಯಿತು. ಅಂಚಿನ ಷರಾ ಪುರಾವೆ, ನಡುವಿನ ಬರಹ ಅಲ್ಲ.

ನಡುವಿನ ಬರಹ ಎಂಥದ್ದು ಅಂತ ಒಂದು ಸಾಕ್ಷ್ಯದಿಂದ ತಿಳಿಯುತ್ತದೆ. 1978ರಲ್ಲಿ ಸಣ್ಣ ಹಾಯಿದೋಣಿಯಲ್ಲಿ ಸುತ್ತುತ್ತಿದ್ದ ನ್ಯೂಜಿಲೆಂಡ್‌ನ ಯುವಕನೊಬ್ಬ ಕಾಂಬೋಡಿಯಾದ ಸಮುದ್ರದಲ್ಲಿ ಸಿಕ್ಕಿಬಿದ್ದ. ಎಸ್-21ಕ್ಕೆ ತಂದು ಸಿಐಎ ಏಜೆಂಟ್ ಅಂತ ಬರೆಸಿದರು. ಅವನು ಬರೆದುಕೊಟ್ಟ. ತನ್ನ ಮೇಲಧಿಕಾರಿ ಕರ್ನಲ್ ಸ್ಯಾಂಡರ್ಸ್ ಅಂದ. ಅದು ಕರಿದ ಕೋಳಿ ಮಾರುವ ಕೆಎಫ್‌ಸಿ ಅಂಗಡಿಯ ಗಡ್ಡದ ತಾತನ ಹೆಸರು! ಭಾಷಣ ಕಲಿಸಿದವರ ಹೆಸರು ಕೇಳಿದ್ದಕ್ಕೆ ತನ್ನ ತಾಯಿಯ ಹೆಸರನ್ನು ಒಡೆದು ಬೇರೆ ಯಾರದೋ ಹೆಸರಿನ ಹಾಗೆ ಬರೆದಿಟ್ಟ. ಓದಿದವರಿಗೆ ಗೊತ್ತೇ ಆಗಲಿಲ್ಲ. 2009ರ ಆಗಸ್ಟ್‌ನಲ್ಲಿ ಅವನ ತಮ್ಮ ಡುಚ್ ಎದುರು ಕೂತು ಇದನ್ನು ಬಿಡಿಸಿ ಹೇಳಿದಾಗ, ತಾಯಿಗೆ ಕಳಿಸಿದ ಕೊನೆಯ ಮಾತು ಅದು ಅಂತ ಅರ್ಥವಾಯಿತು.

ಆರೋಪಿಯೇ ಕಡತ ಬಲ್ಲವನಾದರೆ

ವಿಚಾರಣೆಯಲ್ಲಿ ಡುಚ್ ಸುಮ್ನೆ ಕೂರಲಿಲ್ಲ. ಕಡತದ ಪುಟಗಳು ಅವನಿಗೆ ವಕೀಲರಿಗಿಂತ ಚೆನ್ನಾಗಿ ಗೊತ್ತಿದ್ದವು. ಸಾಕ್ಷಿಗಳ ತಾರೀಖು ತಪ್ಪಿದರೆ ತಿದ್ದುತ್ತಿದ್ದ. ಬದುಕುಳಿದವರು ಎಂದು ಬಂದ ಕೆಲವರ ಹೇಳಿಕೆಯನ್ನು ನೇರವಾಗಿ ಪ್ರಶ್ನಿಸಿದ. ಅವರಲ್ಲಿ ಕೆಲವರು ಎಸ್-21ರಲ್ಲಿ ಇದ್ದದ್ದು ಕೊನೆಗೂ ಸಾಬೀತಾಗಲಿಲ್ಲ. ಅವರು ಸುಳ್ಳರು ಅಂತ ಅರ್ಥವಲ್ಲ. ಆ ಕಾಲದಲ್ಲಿ ಜೈಲುಗಳು ಬಹಳ ಇದ್ದವು, 30 ವರ್ಷ ಕಳೆದಿತ್ತು, ಕಣ್ಣು ಕಟ್ಟಿ ಕರೆದೊಯ್ದವರಿಗೆ ಜಾಗ ಯಾವುದು ಅಂತ ಹೇಗೆ ಗೊತ್ತಿರಬೇಕು? ಆದರೆ ಕೋರ್ಟಿನಲ್ಲಿ ಇದರ ಪರಿಣಾಮ ಕೆಟ್ಟದ್ದಾಯಿತು. ಯಾರು ನಿಜವಾದ ಸಂತ್ರಸ್ತ ಎಂಬುದರಲ್ಲಿ ಆರೋಪಿಯ ಮಾತಿಗೂ ತೂಕ ಬಂದಂತಾಯಿತು.

2008ರ ಫೆಬ್ರವರಿಯಲ್ಲಿ ತನಿಖಾ ನ್ಯಾಯಾಧೀಶರು ಅವನನ್ನು ಚೊಯುಂಗ್ ಎಕ್‌ಗೂ ಹಳೆಯ ಜೈಲಿಗೂ ಕರೆದೊಯ್ದಿದ್ದರು. ಅಲ್ಲಿ ಅವನು ಅತ್ತ. ಕೋರ್ಟಿನಲ್ಲೂ ಮತ್ತೆ ಮತ್ತೆ ಕ್ಷಮೆ ಕೇಳಿದ. ಅವನ ವಿದೇಶಿ ವಕೀಲರು ಪ್ರಕರಣವನ್ನು ಕಟ್ಟಿದ್ದೇ ಇದರ ಮೇಲೆ: ತಪ್ಪು ಒಪ್ಪಿ, ಸಹಕರಿಸಿ, ಶಿಕ್ಷೆ ಕಡಿಮೆ ಮಾಡಿಸಿಕೊಳ್ಳುವುದು. ಗಾಜಿನ ಆಚೆ ಕೂತು ನೋಡಲು ಹಳ್ಳಿಗಳಿಂದ ಬಸ್ಸುಗಳಲ್ಲಿ ಜನ ಬಂದರು, ಒಟ್ಟು 28 ಸಾವಿರಕ್ಕೂ ಹೆಚ್ಚು.

ನವೆಂಬರ್ 27

ವಿಚಾರಣೆಯ ಕೊನೆಯ ದಿನ 2009ರ ನವೆಂಬರ್ 27. ಪ್ರಾಸಿಕ್ಯೂಷನ್ 40 ವರ್ಷ ಕೇಳಿತ್ತು. ವಿದೇಶಿ ವಕೀಲರು ಶಿಕ್ಷೆ ತಗ್ಗಿಸಿ ಅಂತ ವಾದಿಸಿದರು. ಅವನದೇ ಪರ ಇದ್ದ ಕಾಂಬೋಡಿಯಾದ ವಕೀಲರು ಎದ್ದು, ಈ ಮಂಡಳಿಗೆ ಇವನನ್ನು ವಿಚಾರಿಸುವ ಅಧಿಕಾರವೇ ಇಲ್ಲ ಅಂದರು. ಮಂಡಳಿ ಇರುವುದು ಹಿರಿಯ ನಾಯಕರಿಗಾಗಿ ಮತ್ತು ಅತಿ ಹೆಚ್ಚು ಹೊಣೆ ಇದ್ದವರಿಗಾಗಿ, ಡುಚ್ ಎರಡೂ ಅಲ್ಲ, ಅವನಂಥ ಜೈಲು ಮುಖ್ಯಸ್ಥರು ಇನ್ನೂ ಎಷ್ಟೋ ಜನ ಇದ್ದರು ಎಂಬ ವಾದ. ನ್ಯಾಯಾಧೀಶರು ಡುಚ್‌ನನ್ನೇ ಕೇಳಿದರು. ನನ್ನನ್ನು ಬಿಡುಗಡೆ ಮಾಡಿ ಅಂದ.

ತಿಂಗಳುಗಟ್ಟಲೆ ಕೇಳಿದ ಕ್ಷಮೆಗೆ ಆ ಒಂದು ಮಾತಿನಿಂದ ಏನಾಯಿತು ಅಂತ ಸಂತ್ರಸ್ತರ ಕಡೆಯವರನ್ನು ಕೇಳಬೇಕು. ನನಗನಿಸುವುದು, ಅವನ ಪಶ್ಚಾತ್ತಾಪ ಸುಳ್ಳೇ ಇರಬೇಕೆಂದಿಲ್ಲ. ಪಶ್ಚಾತ್ತಾಪವನ್ನೇ ಶಿಕ್ಷೆಯ ತಕ್ಕಡಿಗೆ ಹಾಕಿದರೆ ಹೀಗಾಗುತ್ತದೆ. ಅದು ಚೌಕಾಸಿಯ ವಸ್ತುವಾಗುತ್ತದೆ, ರೇಟು ಸರಿಹೋಗದಿದ್ದರೆ ವಾಪಸ್ ತೆಗೆದುಕೊಳ್ಳಬಹುದು. ತೀರ್ಪಿಗೆ ಮೊದಲು ಅವನು ಆ ವಿದೇಶಿ ವಕೀಲರನ್ನೂ ಕೈಬಿಟ್ಟ.

ಎರಡು ತೀರ್ಪು

2010ರ ಜುಲೈ 26ರಂದು ಮೊದಲ ತೀರ್ಪು. ಕನಿಷ್ಠ 12,272 ಜನ ಎಸ್-21ರಿಂದಾಗಿ ಸತ್ತರು ಎಂದು ಪೀಠ ಕಂಡುಕೊಂಡಿತು. ಶಿಕ್ಷೆ 35 ವರ್ಷ. ಮಿಲಿಟರಿ ಕೋರ್ಟಿನ ಅಕ್ರಮ ಬಂಧನಕ್ಕೆ ಪರಿಹಾರವಾಗಿ 5 ವರ್ಷ ಕಡಿತ. ಈಗಾಗಲೇ ಕಳೆದ 11 ವರ್ಷವನ್ನೂ ಕಳೆದರೆ ಉಳಿದದ್ದು 19.

ಹೊರಗೆ ಕೂತಿದ್ದವರು ಭಾಗಾಕಾರಕ್ಕೆ ಇಳಿದರು. 12 ಸಾವಿರ ಜೀವಕ್ಕೆ 19 ವರ್ಷ. ಒಂದು ಜೀವಕ್ಕೆ ಎಷ್ಟು ಗಂಟೆ? ಬದುಕುಳಿದ ಮೆಕ್ಯಾನಿಕ್ ಬಹಿರಂಗವಾಗಿಯೇ ಸಿಟ್ಟಾದ. ಅದೇ ದಿನ ಇನ್ನೊಂದು ಏಟು ಬಿತ್ತು. ಇಲ್ಲಿ ಸಂತ್ರಸ್ತರು ಬರೀ ಸಾಕ್ಷಿಗಳಲ್ಲ, ಪ್ರಕರಣದ ಕಕ್ಷಿದಾರರೂ ಹೌದು. ಅದು ಈ ಮಂಡಳಿಯ ಹೆಮ್ಮೆಯ ವಿಷಯವಾಗಿತ್ತು. ಆದರೆ ತೀರ್ಪು ಓದುವಾಗ ಅವರಲ್ಲಿ 24 ಜನರಿಗೆ, ಎಸ್-21ಕ್ಕೂ ನಿಮಗೂ ನಂಟು ಸಾಬೀತಾಗಿಲ್ಲ, ನೀವು ಕಕ್ಷಿದಾರರಲ್ಲ ಅಂತ ತಿಳಿಯಿತು. ತಿಂಗಳುಗಟ್ಟಲೆ ಕೋರ್ಟಿನಲ್ಲಿ ಭಾಗವಹಿಸಿದ ಮೇಲೆ! ಉಳಿದವರಿಗೆ ಸಿಕ್ಕ ಪರಿಹಾರ, ತೀರ್ಪಿನಲ್ಲಿ ಅವರ ಹೆಸರು ಮತ್ತು ಡುಚ್ ಹೇಳಿದ ಕ್ಷಮಾಪಣೆಗಳ ಸಂಗ್ರಹ. ಅಷ್ಟೇ.

ಎಲ್ಲರೂ ಮೇಲ್ಮನವಿ ಹಾಕಿದರು. ಡುಚ್ ಬಿಡುಗಡೆಗಾಗಿ, ಪ್ರಾಸಿಕ್ಯೂಷನ್ ಹೆಚ್ಚಿನ ಶಿಕ್ಷೆಗಾಗಿ, ಸಂತ್ರಸ್ತರು ಮಾನ್ಯತೆಗಾಗಿ.

ಏಳು ನ್ಯಾಯಾಧೀಶರ ಸರ್ವೋಚ್ಚ ಪೀಠ 2012ರ ಫೆಬ್ರವರಿ 3ರಂದು ಕೊನೆಯ ಮಾತು ಹೇಳಿತು. ‘ಅತಿ ಹೆಚ್ಚು ಹೊಣೆ’ ಎಂಬುದು ಯಾರ ಮೇಲೆ ಕೇಸು ಹಾಕಬೇಕು ಎಂದು ಪ್ರಾಸಿಕ್ಯೂಟರು, ತನಿಖಾ ನ್ಯಾಯಾಧೀಶರು ಆರಿಸಿಕೊಳ್ಳುವ ನೀತಿ. ಆರೋಪಿ ಕಟಕಟೆಯಲ್ಲಿ ನಿಂತು ಇನ್ನೊಬ್ಬನ ಕಡೆ ಬೆರಳು ತೋರಿಸಿ ತಪ್ಪಿಸಿಕೊಳ್ಳುವ ದಾರಿ ಅಲ್ಲ. ಮೊದಲ ಪೀಠ ಎಲ್ಲ ಕೃತ್ಯಗಳನ್ನೂ ‘ಕಿರುಕುಳ’ ಎಂಬ ಒಂದೇ ಶೀರ್ಷಿಕೆಯಡಿ ಮಡಚಿ ಇಟ್ಟಿತ್ತು. ಸರ್ವೋಚ್ಚ ಪೀಠ ಅವನ್ನು ಬಿಡಿಸಿ ಸಾಮೂಹಿಕ ನಿರ್ಮೂಲನ, ಗುಲಾಮಗಿರಿ, ಅಕ್ರಮ ಸೆರೆ, ಚಿತ್ರಹಿಂಸೆ, ಅಮಾನವೀಯ ಕೃತ್ಯ ಅಂತ ಪ್ರತ್ಯೇಕವಾಗಿ ದಾಖಲಿಸಿತು. ಕೈಬಿಟ್ಟ ಸಂತ್ರಸ್ತರಲ್ಲಿ 10 ಜನರನ್ನು ಮತ್ತೆ ಸೇರಿಸಿತು. ಶಿಕ್ಷೆ ಜೀವಾವಧಿ. ಐದು ವರ್ಷದ ಕಡಿತ ರದ್ದು: ಮಿಲಿಟರಿ ಕೋರ್ಟಿನ ತಪ್ಪಿಗೆ ಈ ಮಂಡಳಿ ಹೊಣೆಯಲ್ಲ.

ವಿದೇಶಿ ನ್ಯಾಯಾಧೀಶರಲ್ಲಿ ಇಬ್ಬರು ಈ ಕೊನೆಯ ಅಂಶ ಒಪ್ಪಲಿಲ್ಲ. ಬಂಧಿಸಿದ್ದು ಇದೇ ದೇಶ, ಹಕ್ಕು ಮುರಿದದ್ದು ಇದೇ ದೇಶ, ಅದಕ್ಕೆ ಪರಿಹಾರ ಬೇಕು, ಶಿಕ್ಷೆಯನ್ನು 30 ವರ್ಷಕ್ಕೆ ಇಳಿಸಬೇಕು ಅಂತ ಬರೆದರು. ಜನರಿಗೆ ಜೀವಾವಧಿಯಿಂದ ಸಮಾಧಾನವಾಯಿತು, ಸರಿಯೇ. ಆದರೆ ನನಗೆ ಈ ಇಬ್ಬರ ಮಾತಿನಲ್ಲಿ ಹೆಚ್ಚು ತೂಕ ಕಾಣುತ್ತದೆ. ವಿಚಾರಣೆ ಇಲ್ಲದ ಸೆರೆಯೇ ಎಸ್-21ರ ಮೊದಲ ಅಪರಾಧ. ಅದನ್ನು ಖಂಡಿಸುವ ಕೋರ್ಟು, ಆರೋಪಿಯ ವಿಷಯದಲ್ಲಿ ಅದು ನಮ್ಮ ಲೆಕ್ಕದ್ದಲ್ಲ ಅನ್ನಬಾರದಿತ್ತು. 1999ರಲ್ಲೇ ನಿಯಮ ಪಾಲಿಸಿದ್ದರೆ ಈ ಇಕ್ಕಟ್ಟೇ ಬರುತ್ತಿರಲಿಲ್ಲ.

ಅಂದು ಪಟ್ಟಿಯಿಂದ ಉಳಿದ ಚಿತ್ರಕಾರ ಕೋರ್ಟಿನಲ್ಲಿ ಸಾಕ್ಷಿ ಹೇಳಿದ್ದ. ಕೊನೆಯ ತೀರ್ಪು ಬರುವ ಐದು ತಿಂಗಳ ಮೊದಲು ತೀರಿಕೊಂಡ.

ಮುಂದೆ ಏನಾಯಿತು

ಈ ಪ್ರಕರಣದ ಏಟು ತಿಂದ ಮೇಲೆ ಮಂಡಳಿ ನಿಯಮ ಬದಲಿಸಿತು. ಮುಂದಿನ ಪ್ರಕರಣಗಳಲ್ಲಿ ಯಾರು ಕಕ್ಷಿದಾರರು ಎಂಬುದನ್ನು ವಿಚಾರಣೆಗೆ ಮೊದಲೇ ತೀರ್ಮಾನಿಸುವ ಹಾಗಾಯಿತು. ಸಂತ್ರಸ್ತರೆಲ್ಲ ಒಂದು ಗುಂಪಾಗಿ, ಮುಖ್ಯ ವಕೀಲರ ಮೂಲಕ ಬರುವ ವ್ಯವಸ್ಥೆಯಾಯಿತು. ಲೆಕ್ಕವೂ ಬೆಳೆಯಿತು. ತನಿಖಾ ನ್ಯಾಯಾಧೀಶರ ಕಚೇರಿ ಕಡತಗಳನ್ನು ಮತ್ತೆ ತಾಳೆ ನೋಡಿ ಮಾಡಿದ ಖೈದಿಗಳ ಪಟ್ಟಿಯಲ್ಲಿ 15,101 ಹೆಸರುಗಳಿವೆ. ಕನಿಷ್ಠ ಸಂಖ್ಯೆ ಅಂತ ತೀರ್ಪಿನಲ್ಲಿ ಬರೆದದ್ದು ಎಷ್ಟು ಎಚ್ಚರದ ಮಾತು ಅಂತ ಆಗ ಗೊತ್ತಾಯಿತು.

ನಮ್ಮ ಕಡೆಗೂ ಒಮ್ಮೆ ನೋಡಬೇಕು. ಭಾರತ ಚಿತ್ರಹಿಂಸೆ ವಿರೋಧಿ ಒಪ್ಪಂದಕ್ಕೆ 1997ರಲ್ಲಿ ಸಹಿ ಹಾಕಿತು, ಅನುಮೋದಿಸಿಲ್ಲ. ಮಾನವತೆಯ ವಿರುದ್ಧದ ಅಪರಾಧ ಎಂಬುದು ನಮ್ಮ ದಂಡ ಕಾನೂನಿನಲ್ಲಿ ಇಲ್ಲ ಅಂತ 2018ರಲ್ಲಿ ದೆಹಲಿ ಹೈಕೋರ್ಟ್, 1984ರ ಸಿಖ್ ಹತ್ಯೆಯ ಒಂದು ಪ್ರಕರಣದಲ್ಲಿ ಬೇಸರದಿಂದಲೇ ಬರೆಯಿತು. ಕಾಂಬೋಡಿಯಾದಲ್ಲಿ ಕೊಲೆ ಆರೋಪ ಗಡುವಿನಿಂದ ಬಿದ್ದಾಗ ಹಿಡಿದುಕೊಳ್ಳಲು ಇನ್ನೊಂದು ಕಾನೂನು ಇತ್ತು.

ಡುಚ್ ಆಮೇಲೆ ತನ್ನ ಮೇಲಿನವರ ವಿರುದ್ಧ ಸಾಕ್ಷಿಯಾದ, 2012ರಲ್ಲಿ ಮತ್ತು 2016ರಲ್ಲಿ. ಪಕ್ಷದಲ್ಲಿ ಪೋಲ್ ಪಾಟ್ ನಂತರದ ಸ್ಥಾನದಲ್ಲಿದ್ದ ನುವಾನ್ ಚಿಯಾ ಮತ್ತು ಆಗ ರಾಷ್ಟ್ರಾಧ್ಯಕ್ಷನಾಗಿದ್ದ ಖಿಯು ಸಂಫಾನ್‌ಗೆ ಜೀವಾವಧಿ ಆಯಿತು. ನುವಾನ್ ಚಿಯಾ 2019ರಲ್ಲಿ ಸತ್ತ. 2020ರ ಸೆಪ್ಟೆಂಬರ್ 2ರಂದು ನಾಮ್ ಪೆನ್‌ನ ಆಸ್ಪತ್ರೆಯಲ್ಲಿ ಡುಚ್ ಸತ್ತಾಗ ವಯಸ್ಸು 77. 33 ಕೋಟಿ ಡಾಲರ್‌ಗೂ ಹೆಚ್ಚು ಖರ್ಚು ಮಾಡಿದ ಆ ಮಂಡಳಿ ಶಿಕ್ಷಿಸಿದ್ದು ಒಟ್ಟು ಮೂವರನ್ನು.

ಎಸ್-21ರಲ್ಲಿ ಹೊಡೆದವರು, ಕಾವಲು ಕಾದವರು, ಲಾರಿ ಓಡಿಸಿದವರು, ಚೊಯುಂಗ್ ಎಕ್‌ನ ಗುಂಡಿಯ ಅಂಚಿನಲ್ಲಿ ನಿಂತವರು ಎಷ್ಟೋ ಜನ ಬದುಕಿದ್ದರು. ಅವರ ಮೇಲೆ ಕೇಸು ಹಾಕಲಿಲ್ಲ. ಅತಿ ಹೆಚ್ಚು ಹೊಣೆ ಇದ್ದವರನ್ನು ಮಾತ್ರ ಹಿಡಿಯುವುದು ಎಂಬ ತೀರ್ಮಾನದ ಇನ್ನೊಂದು ಮುಖ ಇದು. ಅವರಲ್ಲಿ ಕೆಲವರು ಸಾಕ್ಷಿಗಳಾಗಿ ಕೋರ್ಟಿಗೆ ಬಂದರು. ತಮ್ಮ ಹೇಳಿಕೆಯಿಂದ ತಾವೇ ಸಿಕ್ಕಿಬೀಳಬಹುದೇ ಅಂತ ವಕೀಲರನ್ನು ಕೇಳಿಕೊಂಡು, ಕೆಲವು ಪ್ರಶ್ನೆಗೆ ಉತ್ತರ ಕೊಟ್ಟು, ಕೆಲವಕ್ಕೆ ನೆನಪಿಲ್ಲ ಅಂದು, ಊರಿಗೆ ವಾಪಸ್ ಹೋದರು.